ಕೈಯಿಂದ ಸರಿಸಿ, ಬೆರಳಿನಿಂದ ಅಳಿಸಬೇಡಿ

ಮಾರಾಟದ ಜಾಹೀರಾತಿನ ಫೋಟೊದಲ್ಲಿ ಮನೆಯ ಮುಂಭಾಗ ಚೆನ್ನಾಗಿ ಕಾಣಬೇಕೆಂದರೆ ಬಣ್ಣದ ಖರ್ಚಿಗಿಂತ ಮೊದಲು ಬೇಕಿರುವುದು ಸರಿಯಾದ ಹೊತ್ತು, ಸರಿಯಾದ ಜಾಗ ಮತ್ತು ಸ್ವಲ್ಪ ಪ್ರಾಮಾಣಿಕತೆ.

ಆಸ್ತಿ ಮಾರಾಟದ ಯಾವುದಾದರೂ ಜಾಲತಾಣ ತೆರೆದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸ್ವತಂತ್ರ ಮನೆ ಹುಡುಕಿ ನೋಡಿ. ಒಂದೇ ಬಗೆಯ ಫೋಟೊಗಳು ಸಾಲುಗಟ್ಟಿ ಬರುತ್ತವೆ. ಮಟಮಟ ಮಧ್ಯಾಹ್ನದ ಬಿಸಿಲು. ಗೇಟಿಗೆ ಅಡ್ಡ ನಿಂತ ಸ್ಕೂಟರ್, ಅದರ ಹಿಂದೆ ನೀಲಿ ಡ್ರಮ್ಮು. ಬಾಲ್ಕನಿಯಲ್ಲಿ ಒಣಹಾಕಿದ ಪಂಚೆ. ಫೋನನ್ನು ಮೇಲಕ್ಕೆತ್ತಿ ತೆಗೆದದ್ದರಿಂದ ಎರಡೂ ಕಡೆಯ ಗೋಡೆ ಒಳಕ್ಕೆ ವಾಲಿ, ಇಡೀ ಮನೆ ಹಿಂದಕ್ಕೆ ಬೀಳುವ ಹಾಗಿರುತ್ತದೆ. ಕೋಟಿಗಟ್ಟಲೆ ಬೆಲೆ ಹೇಳುವ ಮನೆಯ ಫೋಟೊಕ್ಕೆ ಮಾಲೀಕರೋ ಬ್ರೋಕರೋ ಕೊಟ್ಟ ಸಮಯ ಅರ್ಧ ನಿಮಿಷ ಇದ್ದೀತು.

ಕೊಳ್ಳುವವರು ಮಾತ್ರ ಈ ಫೋಟೊವನ್ನು ಅಷ್ಟು ಹಗುರವಾಗಿ ನೋಡುವುದಿಲ್ಲ. ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸೈಲರ್ ಮತ್ತು ಸಂಗಡಿಗರು, ಜಾಲತಾಣದಲ್ಲಿ ಮನೆ ಹುಡುಕುವವರ ಕಣ್ಣು ಪರದೆಯ ಮೇಲೆ ಎಲ್ಲೆಲ್ಲಿ ಓಡಾಡುತ್ತದೆ ಎಂದು ಉಪಕರಣವಿಟ್ಟು ದಾಖಲಿಸಿದ್ದರು. ಶೇ 95ರಷ್ಟು ಮಂದಿ ಮೊದಲ ಫೋಟೊವಾದ ಹೊರನೋಟವನ್ನು ನೋಡಿದ್ದರು. ಅದರ ಮೇಲೆ ಕಣ್ಣು ನಿಂತದ್ದು ಸುಮಾರು 20 ಸೆಕೆಂಡು. 2020ರಲ್ಲಿ ‘ಜರ್ನಲ್ ಆಫ್ ರಿಯಲ್ ಎಸ್ಟೇಟ್ ಫೈನಾನ್ಸ್ ಅಂಡ್ ಎಕನಾಮಿಕ್ಸ್’ನಲ್ಲಿ ಬಂದ ಇನ್ನೊಂದು ಅಮೆರಿಕನ್ ಅಧ್ಯಯನ, ಗೂಗಲ್ ಸ್ಟ್ರೀಟ್ ವ್ಯೂ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ ಮನೆಗಳ ಮುಂಭಾಗಕ್ಕೆ ಅಂಕ ಕೊಡಿಸಿತ್ತು. ಮುಂಭಾಗ ಚೆನ್ನಾಗಿರುವ ಮನೆಗೆ ಅಂಥದ್ದೇ ಬೇರೆ ಮನೆಗಿಂತ ಶೇ 7ರವರೆಗೆ ಹೆಚ್ಚು ಬೆಲೆ ಸಿಕ್ಕಿತ್ತು. ಆ ಹೆಚ್ಚುವರಿಯಲ್ಲಿ ಎದುರು ಮನೆಯ ಅಂದಕ್ಕೂ ಒಂದು ಪಾಲಿತ್ತು.

ಅಲ್ಲಿನ ಹುಲ್ಲುಹಾಸಿನ ಮನೆಯ ಶೇಕಡಾವಾರನ್ನು ನಮ್ಮ ಮೂವತ್ತು–ನಲವತ್ತು ಸೈಟಿನ ಮನೆಗೆ ಹಾಗೇ ಅಂಟಿಸಲಾಗದು. ಇಲ್ಲಿ ಬೆಲೆ ಬಹುಪಾಲು ನಿಂತಿರುವುದು ನೆಲದ ಮೇಲೆ. ಆದರೆ ನಮ್ಮ ಕೊಳ್ಳುವವರೂ ಹೊರಗಿನ ಫೋಟೊ ನೋಡಿಯೇ ಹಲವು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಬಾಗಿಲು ಯಾವ ದಿಕ್ಕಿಗೆ? ಮುಂದಿನ ರಸ್ತೆ ಎಷ್ಟು ಅಗಲ? ಕಾರು ಒಳಗೆ ಹೋಗುತ್ತದೆಯೆ? ಮಾಳಿಗೆಯ ಮೇಲೆ ಇನ್ನೊಂದು ಮನೆ ಎಬ್ಬಿಸಿದ್ದಾರೆಯೆ? ಪಕ್ಕದ ಕಟ್ಟಡ ಮೈಗೆ ಅಂಟಿಕೊಂಡಿದೆಯೆ? ಇವಿಷ್ಟಕ್ಕೂ ಉತ್ತರ ಕೊಡುವ ಫೋಟೊವೇ ಒಳ್ಳೆಯ ಫೋಟೊ. ಮನೆಯನ್ನು ಮರೆಮಾಡಿರುವ ಸಾಮಾನು, ಕೊಳೆ, ನೆರಳು ಸರಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕಳೆಯುವ ಲೆಕ್ಕ

ಫೋಟೊ ತೆಗೆಸಬೇಕು ಅಂದಾಕ್ಷಣ ಮನಸ್ಸು ಸೇರಿಸುವ ಕಡೆಗೆ ಓಡುತ್ತದೆ. ನಾಲ್ಕು ಹೊಸ ಹೂಕುಂಡ, ಗೇಟಿನ ಕಂಬಕ್ಕೆ ಹೊಸ ದೀಪ, ಮುಂಭಾಗದ ಗೋಡೆಗೆ ಕಲ್ಲಿನ ಟೈಲ್ಸು. ಅದಕ್ಕೆಲ್ಲ ಮೊದಲು ಗೇಟಿನ ಪಕ್ಕದ ಕಂಬವೊಂದನ್ನೇ ಹತ್ತಿರದಿಂದ ನೋಡಿ. ಹಳೇ ಡೋರ್ ನಂಬರು, ಅದರ ಕೆಳಗೆ ಹೊಸ ನಂಬರು. ಸಮೀಕ್ಷೆಗೆ ಬಂದವರು ಅಂಟಿಸಿದ ಚೀಟಿ, ಪೋಲಿಯೊ ಹನಿ ಹಾಕಲು ಬಂದವರು ಸೀಮೆಸುಣ್ಣದಲ್ಲಿ ಬರೆದ ಗುರುತು. ಯಾವುದೋ ಚುನಾವಣೆಯ ಅರ್ಧ ಹರಿದ ಸ್ಟಿಕರ್. ವಾಟರ್ ಫಿಲ್ಟರ್ ರಿಪೇರಿಯವರ ಫೋನ್ ನಂಬರು. ಎಂದೋ ಅಂಟಿಸಿದ ‘ಟು ಲೆಟ್’ ಹಾಳೆಯ ನಾಲ್ಕು ಮೂಲೆ. ನಾಯಿ ಹೋಗಿ ವರ್ಷಗಳಾದರೂ ಉಳಿದಿರುವ ‘ನಾಯಿ ಇದೆ ಎಚ್ಚರಿಕೆ’. ದಿನವೂ ಇದರ ಮುಂದೆಯೇ ಓಡಾಡುವ ಮನೆಯವರಿಗೆ ಇದಾವುದೂ ಕಾಣುವುದಿಲ್ಲ, ಕಣ್ಣು ಪಳಗಿಬಿಟ್ಟಿದೆ. ಕ್ಯಾಮೆರಾ ಒಂದನ್ನೂ ಬಿಡುವುದಿಲ್ಲ.

ಆದ್ದರಿಂದ ಸ್ವಚ್ಛ ಮಾಡುವ ಮೊದಲೇ ಎದುರು ಬದಿಯಿಂದ ಒಂದು ಫೋಟೊ ತೆಗೆದು, ಫೋನಿನಲ್ಲಿ ದೊಡ್ಡದು ಮಾಡಿ, ಎಡದಿಂದ ಬಲಕ್ಕೆ ಕಣ್ಣಾಡಿಸುವುದು ಒಳ್ಳೆಯದು. ಸಿಕ್ಕಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡರೆ ಅದೇ ಕೆಲಸದ ಪಟ್ಟಿ. ಬಟ್ಟೆ ಒಣಹಾಕುವ ಹಗ್ಗ, ಪೊರಕೆ, ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಮನೆ ಕಟ್ಟಿದಾಗ ಉಳಿದ ಮರಳು, ಚರಂಡಿ ಮೇಲೆ ಅಡ್ಡಾದಿಡ್ಡಿ ಬಿದ್ದ ಚಪ್ಪಡಿ, ಕಿಟಕಿ ಸಜ್ಜಾದ ಮೇಲೆ ಮರೆತುಹೋದ ಮಕ್ಕಳ ಚೆಂಡು, ಗಾಳಿಪಟ. ಕೇಬಲ್ ಟಿವಿ ಬಿಟ್ಟು ವರ್ಷಗಳಾದರೂ ಗೋಡೆಯ ಮೇಲೆ ಜೋತಾಡುವ ವೈರು, ತುಕ್ಕು ಹಿಡಿದ ಡಿಶ್ಶು. ಕಾರು ಬೈಕುಗಳನ್ನು ಪಕ್ಕದ ರಸ್ತೆಗೆ ಒಯ್ಯಿರಿ. ಎದುರು ಮನೆಯವರಿಗೂ ಒಂದು ಮಾತು ಹೇಳಿ, ಅವರ ಗಾಡಿಯನ್ನೂ ಒಂದು ಗಂಟೆ ಆಚೆ ನಿಲ್ಲಿಸಲು ಕೇಳಿಕೊಳ್ಳಿ. ಮನೆಯ ಮುಂದಿನ ರಸ್ತೆಯನ್ನು ಆಚೆ ಈಚೆ ಎರಡು ಮನೆಗಳವರೆಗೂ ಗುಡಿಸಿದರೆ ಫೋಟೊದಲ್ಲಿ ಬೀದಿಯೇ ಬೇರೆಯಾಗಿ ಕಾಣುತ್ತದೆ.

ಎಲ್ಲವನ್ನೂ ತೆಗೆಯಬೇಕಿಲ್ಲ. ಟೆರೇಸಿನ ಸೋಲಾರ್ ವಾಟರ್ ಹೀಟರ್, ನೀರಿನ ಟ್ಯಾಂಕು ಅಂದಗೆಡಿಸುತ್ತವೆಂದು ಫೋಟೊವನ್ನು ಕೆಳಗೇ ಕತ್ತರಿಸುವವರಿದ್ದಾರೆ. ಕೊಳ್ಳುವವರಿಗೆ ಅವು ಲಾಭದ ವಸ್ತುಗಳು, ಕಾಣಲಿ. ತುಳಸಿಕಟ್ಟೆ ಇರಲಿ, ಬಾಗಿಲಿನ ತೋರಣ ಒಣಗಿದ್ದರೆ ಹಸಿರು ಮಾವಿನೆಲೆ ಬರಲಿ. ಗೃಹಪ್ರವೇಶದಂದು ಕಟ್ಟಿದ ಬೂದುಗುಂಬಳ ಕರಟಿ ಕಪ್ಪಾಗಿ ತೂಗುತ್ತಿದ್ದರೆ ಅದನ್ನು ಇಳಿಸಬಹುದು. ಹೆಸರಿನ ಫಲಕ, ಗಾಡಿಯ ನಂಬರ್ ಪ್ಲೇಟು ಫೋಟೊದಲ್ಲಿ ಬರದಿರುವುದು ಕ್ಷೇಮ. ಅದರಲ್ಲೂ ಮಾಲೀಕರು ಪರದೇಶದಲ್ಲಿದ್ದು ಮನೆಗೆ ಬೀಗ ಹಾಕಿದ್ದರೆ ಇನ್ನೂ ಹೆಚ್ಚು.

ಇನ್ನು ಮರ. ಮುಂದಿನ ಹೊಂಗೆಯೋ ಮಳೆಮರವೋ ಎಲಿವೇಶನ್ನಿಗೆ ಅಡ್ಡ ಬರುತ್ತದೆಂದು ಕೊಂಬೆ ಕಡಿಸಲು ಹೋಗುವವರು ನೆನಪಿಡಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಅದು ಸ್ವಂತ ಸೈಟಿನಲ್ಲಿದ್ದರೂ ಅಷ್ಟೆ. ಮರದ ಬೀದಿ ಎಂಬುದೇ ಒಂದು ಆಕರ್ಷಣೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಕಾಂಡದ ಆಚೆಯಿಂದ ಫೋಟೊ ತೆಗೆದರೆ ಮನೆಯೂ ಕಾಣುತ್ತದೆ, ನೆರಳೂ ಉಳಿಯುತ್ತದೆ.

ಬಣ್ಣ ಎಲ್ಲಿ, ಎಷ್ಟು

ಮುಂಭಾಗ ಕಳೆಗುಂದಲು ಮುಖ್ಯ ಕಾರಣ ಪ್ಯಾರಪೆಟ್ಟಿನಿಂದ ಇಳಿಯುವ ಕಪ್ಪು ಪಟ್ಟೆಗಳು. ಪ್ಯಾರಪೆಟ್ಟಿನ ತಲೆಭಾಗ ಮಟ್ಟಸವಾಗಿದ್ದರೆ ಅಥವಾ ಹೊರಕ್ಕೆ ಇಳಿಜಾರಾಗಿದ್ದರೆ ಅಲ್ಲಿ ಕೂತ ದೂಳು ಮಳೆನೀರಿನೊಂದಿಗೆ ಗೋಡೆಯ ಮೇಲೆ ಹರಿಯುತ್ತದೆ. ಒದ್ದೆ ಉಳಿದ ಜಾಗದಲ್ಲಿ ಪಾಚಿ ಬೆಳೆದು, ಬೇಸಿಗೆಯಲ್ಲಿ ಒಣಗಿ ಕಪ್ಪಾಗುತ್ತದೆ. ಇದರ ಮೇಲೆಯೇ ಬಣ್ಣ ಬಳಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಟ್ಟೆ ಮತ್ತೆ ಮೂಡುತ್ತದೆ. ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಪಾಚಿ ಕೊಲ್ಲುವ ದ್ರಾವಣ ಹಚ್ಚಿ, ಪೂರ್ತಿ ಒಣಗಿದ ಮೇಲೆ ಪ್ರೈಮರ್, ಬಣ್ಣ. ಪ್ಯಾರಪೆಟ್ಟಿನ ತಲೆಗೆ ಟೆರೇಸಿನ ಕಡೆ ಇಳಿಜಾರು ಬರುವಂತೆ ಗಾರೆ ಮಾಡಿಸಿದರೆ ಕಾಯಿಲೆಯ ಬೇರೇ ಹೋಗುತ್ತದೆ. ಗೋಡೆ ನಿಜವಾಗಿ ಗಟ್ಟಿಯಿದ್ದು ಬರೀ ಕೊಳೆಯಾಗಿದ್ದರೆ ತೊಳೆಸಿದಷ್ಟಕ್ಕೇ ಸಾಕಾಗುವುದೂ ಉಂಟು.

ಅಲ್ಲಲ್ಲಿ ತೇಪೆ ಹಚ್ಚಿಸುವುದು ಬೇಡ. ವರ್ಷಗಟ್ಟಲೆ ಬಿಸಿಲು ತಿಂದ ಹಳೆಯ ಬಣ್ಣದ ಪಕ್ಕದಲ್ಲಿ ಅದೇ ಡಬ್ಬದ ಹೊಸ ಬಣ್ಣವೂ ಬೇರೆಯಾಗಿಯೇ ಕಾಣುತ್ತದೆ. ಫೋಟೊದಲ್ಲಿ ಇನ್ನೂ ಎದ್ದು ಕಾಣುತ್ತದೆ. ಬಳಿಸುವುದಾದರೆ ಗೋಡೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಳಿಸಬೇಕು. ಹಣ ಕಡಿಮೆಯಿದ್ದರೆ ಮೊದಲ ಸರದಿ ಗೇಟು ಮತ್ತು ಕಿಟಕಿ ಗ್ರಿಲ್ಲುಗಳದ್ದು. ತುಕ್ಕು ಕೆರೆದು, ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು, ಒಂದೇ ಬಣ್ಣದ ಎನಾಮೆಲ್ ಹೊಡೆಸಿದರೆ ಮುಂಭಾಗಕ್ಕೆ ಅಚ್ಚುಕಟ್ಟು ಬರುತ್ತದೆ. ಆಮೇಲೆ ಕಾಂಪೌಂಡ್ ಗೋಡೆ, ಅದರ ಬುಡಕ್ಕೆ ಸಿಡಿದ ಕೆಸರಿನ ಕಲೆ. ಅಚ್ಚ ಬಿಳಿಯ ಗೋಡೆ ಬಿಸಿಲಿನ ಫೋಟೊದಲ್ಲಿ ಸುಟ್ಟಂತಾಗಿ ಅಂಚು ಕಿಟಕಿಗಳು ಮಾಸುತ್ತವೆ. ತುಸು ಕೆನೆ ಇಲ್ಲವೆ ಬೂದು ಛಾಯೆ ಇದ್ದರೆ ಗೋಡೆಯ ಆಕಾರ ನಿಲ್ಲುತ್ತದೆ.

ದಿಕ್ಕಿಗೊಂದು ಹೊತ್ತು

ನಮ್ಮವರಿಗೆ ಮನೆಯ ದಿಕ್ಕು ಚೆನ್ನಾಗಿ ಗೊತ್ತು. ಫೋಟೊ ತೆಗೆಯುವಾಗ ಮಾತ್ರ ಅದನ್ನು ಮರೆಯುತ್ತೇವೆ. ಪೂರ್ವಕ್ಕೆ ಮುಖ ಮಾಡಿದ ಮನೆಗೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಸಂಜೆ ನಾಲ್ಕರ ನಂತರ. ಬಿಸಿಲು ಎದುರಿನಿಂದ, ತುಸು ಓರೆಯಾಗಿ ಬಿದ್ದರೆ ಸಜ್ಜಾ, ಕಿಟಕಿ, ಬಾಲ್ಕನಿ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಮಧ್ಯಾಹ್ನ ಸೂರ್ಯ ನೆತ್ತಿಯ ಬಳಿ ಇರುವಾಗ ಸಜ್ಜಾದ ನೆರಳು ಕಿಟಕಿಯನ್ನೆಲ್ಲ ನುಂಗಿ ಮುಂಭಾಗವನ್ನು ಕಪ್ಪು ಬಿಳುಪು ಮಾಡಿಬಿಡುತ್ತದೆ.

ಉತ್ತರ ದಕ್ಷಿಣಗಳ ಲೆಕ್ಕ ಸ್ವಲ್ಪ ಬೇರೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದ ಶೂನ್ಯ ನೆರಳಿನ ದಿನದಿಂದ ಆಗಸ್ಟ್ ಮಧ್ಯದ ಇನ್ನೊಂದು ಶೂನ್ಯ ನೆರಳಿನ ದಿನದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉತ್ತರ ದಿಕ್ಕಿನ ಮನೆಗೆ ಬೇಸಿಗೆಯ ಬೆಳಗು ಮತ್ತು ಸಂಜೆ ಒಳ್ಳೆಯ ಓರೆ ಬಿಸಿಲು ಸಿಗುವುದು ಇದೇ ಕಾರಣಕ್ಕೆ. ಡಿಸೆಂಬರಿನಲ್ಲಿ ಅದೇ ಗೋಡೆಗೆ ದಿನವಿಡೀ ನೇರ ಬಿಸಿಲಿಲ್ಲ. ಆಗ ಹಿಂದಿನ ಆಕಾಶ ಬೆಳ್ಳಗೆ ಉರಿದು ಮನೆ ಕಪ್ಪಾಗುತ್ತದೆ. ತೆಳು ಮೋಡ ಕವಿದ ದಿನ ಕಾದು, ಫೋನಿನ ಪರದೆಯಲ್ಲಿ ಆಕಾಶದ ಬದಲು ಗೋಡೆಯ ಮೇಲೆ ಬೆರಳೊತ್ತಿ ತೆಗೆಯಬೇಕು. ದಕ್ಷಿಣದ ಮನೆಗೆ ಇದು ತಿರುಗುಮುರುಗು: ಚಳಿಗಾಲದಲ್ಲಿ ಹೇರಳ ಬೆಳಕು, ಜೂನಿನಲ್ಲಿ ನೆರಳು. ಮಾರುವ ಯೋಚನೆ ಮೊದಲೇ ಇದ್ದರೆ, ಮನೆ ಚೆನ್ನಾಗಿ ಕಾಣುವ ಕಾಲದಲ್ಲೇ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ.

ಮಳೆ ನಿಂತ ಮರುದಿನ ಎಲೆಗಳ ದೂಳು ತೊಳೆದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಆದರೆ ಗೋಡೆ ಅರ್ಧ ಒಣಗಿ ಅರ್ಧ ಒದ್ದೆಯಿದ್ದರೆ ತೇವ ಹಿಡಿದಿದೆಯೆಂಬ ಅನುಮಾನ ಹುಟ್ಟೀತು, ಪೂರ್ತಿ ಆರಲು ಬಿಡಿ. ದೀಪ ಹಚ್ಚುವ ಹೊತ್ತಿನ ಫೋಟೊ ಕೂಡ ಸೊಗಸು. ಸೂರ್ಯ ಮುಳುಗಿದ ಕಾಲು ಗಂಟೆಯ ನಂತರ ಆಕಾಶದಲ್ಲಿ ನೀಲಿ ಇನ್ನೂ ಇರುವಾಗ ಒಳಗಿನ, ಹೊರಗಿನ ದೀಪಗಳನ್ನೆಲ್ಲ ಹಾಕಿ ತೆಗೆಯಬೇಕು. ಒಂದು ಕೋಣೆಯಲ್ಲಿ ಹಳದಿ, ಇನ್ನೊಂದರಲ್ಲಿ ಬಿಳಿ ಬಲ್ಬು ಇದ್ದರೆ ಒಂದೇ ಬಣ್ಣಕ್ಕೆ ಬದಲಿಸಿ. ಇದು ಎರಡನೆಯ ಫೋಟೊ ಆಗಬಹುದು. ಮೊದಲನೆಯದು ಗೋಡೆ ರಸ್ತೆಗಳು ಇದ್ದಹಾಗೆ ಕಾಣುವ ಹಗಲಿನದ್ದೇ ಆಗಿರಲಿ.

ಎದುರು ಮನೆಯ ಬಾಲ್ಕನಿ

ಮೂವತ್ತು ಅಡಿ ರಸ್ತೆಯ ಆಚೆ ಬದಿಯಲ್ಲಿ ನಿಂತರೆ ಮನೆಯ ಮುಂಭಾಗ ಸುಮಾರು 35 ಅಡಿ ದೂರದಲ್ಲಿರುತ್ತದೆ. ಸಾಮಾನ್ಯ ಫೋನಿನ ಮುಖ್ಯ ಲೆನ್ಸು ಅಷ್ಟು ದೂರದಿಂದ, ಅಡ್ಡಲಾಗಿ ಹಿಡಿದಾಗ, ಹೆಚ್ಚುಕಡಿಮೆ 45 ಅಡಿ ಅಗಲ, 34 ಅಡಿ ಎತ್ತರದ ಚೌಕಟ್ಟನ್ನು ಹಿಡಿಯುತ್ತದೆ. ಮೂವತ್ತು ಅಡಿ ಅಗಲದ ಸೈಟಿಗೆ ಅಗಲ ಸಾಕು. ತೊಂದರೆ ಎತ್ತರದ್ದು. ಕಣ್ಣಿನ ಮಟ್ಟ ಐದಡಿ. ಫೋನನ್ನು ನೆಟ್ಟಗೆ ಹಿಡಿದರೆ ಚೌಕಟ್ಟಿನ ಮೇಲಂಚು 22 ಅಡಿಗೆ ನಿಂತುಬಿಡುತ್ತದೆ. ಕೆಳಗೆ ಬರೀ ರಸ್ತೆ. ಒಂದು ಮಹಡಿಯ ಮನೆ ಪ್ಯಾರಪೆಟ್ಟು ಸೇರಿ 25 ಅಡಿ ದಾಟುತ್ತದೆ. ಹಾಗಾಗಿ ಎಲ್ಲರೂ ಫೋನನ್ನು ಮೇಲಕ್ಕೆ ವಾಲಿಸುತ್ತಾರೆ, ಆ ಕ್ಷಣಕ್ಕೇ ಗೋಡೆಗಳೂ ವಾಲುತ್ತವೆ.

ಎದುರು ಮನೆಯ ಮೊದಲ ಮಹಡಿಯ ಬಾಲ್ಕನಿಗೆ ಹೋಗಿ. ಅಲ್ಲಿ ಕಣ್ಣಿನ ಮಟ್ಟ ಸುಮಾರು 16 ಅಡಿ. ಈಗ ಫೋನನ್ನು ನೆಟ್ಟಗೆ ಹಿಡಿದರೂ ಗೇಟಿನ ಬುಡದಿಂದ ಟೆರೇಸಿನ ಟ್ಯಾಂಕಿನವರೆಗೆ ಎಲ್ಲವೂ ಚೌಕಟ್ಟಿನೊಳಗೆ ಬರುತ್ತದೆ, ಗೋಡೆಗಳು ಗೋಡೆಗಳ ಹಾಗೆ ನಿಲ್ಲುತ್ತವೆ. ಬಾಲ್ಕನಿ ಸಿಗದಿದ್ದರೆ ರಸ್ತೆಯಲ್ಲೇ ನಿಂತು ಫೋನನ್ನು ಉದ್ದಕ್ಕೆ, ನೆಟ್ಟಗೆ ಹಿಡಿದು ತೆಗೆದು, ಆಮೇಲೆ ಕೆಳಗಿನ ರಸ್ತೆಯನ್ನು ಕತ್ತರಿಸಿಕೊಳ್ಳಬಹುದು. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡರೆ ನೆಟ್ಟಗಿದೆಯೇ ಇಲ್ಲವೇ ತಿಳಿಯುತ್ತದೆ.

ಹಿಂದೆ ಸರಿಯಲು ಜಾಗವಿಲ್ಲದಾಗ ಅಲ್ಟ್ರಾ ವೈಡ್ ಎಂಬ ಅರ್ಧದ ಲೆನ್ಸಿಗೆ ಮೊರೆಹೋಗುವುದು ರೂಢಿ. ಅದು ಅಂಚುಗಳನ್ನು ಎಳೆದು, ಹತ್ತಿರದ್ದನ್ನು ಹಿಗ್ಗಿಸಿ, ಇಪ್ಪತ್ತಡಿಯ ಗಲ್ಲಿಯನ್ನು ನಲವತ್ತಡಿಯ ರಸ್ತೆ ಮಾಡಿ ತೋರಿಸುತ್ತದೆ. ರಸ್ತೆಯ ಅಗಲ ನೋಡಿ ಹೊರಟು ಬಂದವರಿಗೆ ತಿರುವಿನಲ್ಲೇ ಸತ್ಯ ಗೊತ್ತಾಗುತ್ತದೆ. ರಸ್ತೆಯ ಅಗಲ ತೋರಿಸಲು ಬೇರೆಯೇ ಒಂದು ಫೋಟೊ ಹಾಕಿ, ಅದರಲ್ಲಿ ಒಂದು ಕಾರು ನಿಂತಿರಲಿ, ಅಳತೆ ತಾನಾಗಿ ತಿಳಿಯುತ್ತದೆ. ಬ್ರೋಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ. ಗ್ರೂಪಿನಿಂದ ಗ್ರೂಪಿಗೆ ದಾಟಿ ಮಸುಕಾದ ಫೋಟೊ ಎಂಥ ಮನೆಯನ್ನೂ ಹಳತು ಮಾಡುತ್ತದೆ.

ಹಂಚಿನ ಮನೆಗೆ ಬೇರೆ ನ್ಯಾಯ

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಾರಾಟಕ್ಕಿರುವ ಹಳೆಯ ಹಂಚಿನ ಮನೆಗಳನ್ನು ನಗರದವರು ಕೊಳ್ಳುವುದು ಅವುಗಳ ಹಳೆತನಕ್ಕಾಗಿಯೇ. ಅಲ್ಲಿ ಸೇರಿಸಿದ್ದೆಲ್ಲ ನಷ್ಟ. ಹಂಚಿಗೆ ಕೆಂಪು ಪೇಂಟು, ಮುರಕಲ್ಲಿನ ಗೋಡೆಗೆ ಹೊಳೆಯುವ ಬಣ್ಣ, ಜಗಲಿಯ ಮರದ ಕಂಬಕ್ಕೆ ಎನಾಮೆಲ್, ಇವೆಲ್ಲ ಕೊಳ್ಳುವವರು ಬಯಸಿ ಬಂದದ್ದನ್ನೇ ಮುಚ್ಚುತ್ತವೆ. ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಕಾಲದ ಕಾರ್ಖಾನೆಗಳ ಅಚ್ಚು ಇರುವ ಹಂಚು ನಿಮ್ಮ ಮಾಡಿನಲ್ಲಿದ್ದರೆ ಅದರದ್ದೇ ಒಂದು ಸಮೀಪದ ಫೋಟೊ ಹಾಕಿ. ಅಲ್ಲಿ ಮಾಡಬೇಕಾದ ಕೆಲಸ ಬೇರೆ: ಒಡೆದ ಹಂಚು ಬದಲಿಸುವುದು, ಹಂಚಿನ ಸಂದಿನಲ್ಲಿ ಬೆಳೆದ ಹುಲ್ಲು, ಹಾವಸೆ ತೆಗೆಸುವುದು, ಮಳೆಗಾಲಕ್ಕೆಂದು ಕಟ್ಟಿದ ಸೋಗೆ ತಟ್ಟಿ ಅಥವಾ ನೀಲಿ ಟಾರ್ಪಾಲು ಇಳಿಸುವುದು. ಅಂಗಳ ಪೂರ್ತಿ ಕಾಣುವಷ್ಟು ದೂರ ನಿಲ್ಲಿ, ಮನೆಯ ಹಿಂದಿನ ತೋಟ, ಗುಡ್ಡ ತುಸು ಬರಲಿ. ಗೇಟಿನಿಂದ ಮನೆಯವರೆಗಿನ ದಾರಿಯ ಫೋಟೊ ಇಲ್ಲಿ ಕಡ್ಡಾಯವೆಂದೇ ಹೇಳಬೇಕು, ಯಾಕೆಂದರೆ ಮಳೆಗಾಲದಲ್ಲಿ ಕಾರು ಬರುತ್ತದೆಯೇ ಎಂಬುದೇ ಕೊಳ್ಳುವವರ ಮೊದಲ ಚಿಂತೆ.

ಬೆರಳು ಎಲ್ಲಿ ನಿಲ್ಲಬೇಕು

ಇಷ್ಟು ಮಾಡಿದ ಮೇಲೂ ಫೋಟೊದಲ್ಲಿ ಕೆಲವು ಉಳಿಯುತ್ತವೆ. ಬಾಲ್ಕನಿಯ ಮುಂದೆಯೇ ಹಾದುಹೋದ ವಿದ್ಯುತ್ ತಂತಿ, ಗೇಟಿನ ಪಕ್ಕದ ಟ್ರಾನ್ಸ್‌ಫಾರ್ಮರ್, ರಸ್ತೆಯ ತುದಿಯಲ್ಲಿ ಕಸ ಸುರಿಯುವ ‘ಬ್ಲ್ಯಾಕ್ ಸ್ಪಾಟ್’, ಗೋಡೆಯ ಮೇಲೆ ಓರೆಯಾಗಿ ಹಬ್ಬಿದ ಬಿರುಕು. ಈಗಿನ ಫೋನುಗಳಲ್ಲಿ ಬೆರಳಾಡಿಸಿದರೆ ಇವೆಲ್ಲ ಮಾಯ. ಬೋಳು ಸೈಟಿನ ಮೂಲೆಯಲ್ಲಿ ಹುಲ್ಲುಹಾಸು, ಕಂದು ಆಕಾಶದಲ್ಲಿ ನೀಲಿ, ಒಂದೇ ಗುಂಡಿಯ ಕೆಲಸ.

ಇಲ್ಲಿ ಒಂದು ಸರಳ ಗೆರೆ ಎಳೆದುಕೊಳ್ಳಬಹುದು. ನಿಮ್ಮ ಕೈಯಿಂದ ನಿಜವಾಗಿ ಸರಿಸಬಹುದಾದ್ದನ್ನು ಸರಿಸಿ ಫೋಟೊ ತೆಗೆಯಿರಿ. ಕೈಗೆ ಸಾಧ್ಯವಿಲ್ಲದ್ದನ್ನು ಬೆರಳಿಗೆ ಮಾಡಲು ಬಿಡಬೇಡಿ. ಸ್ಕೂಟರ್ ಆಚೆ ನಿಲ್ಲಿಸಿದರೆ ಮೋಸವಾಗುವುದಿಲ್ಲ, ಮನೆ ಬಿಡುವಾಗ ಅದು ನಿಮ್ಮ ಜೊತೆಯೇ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹೋಗುವುದಿಲ್ಲ. ಫೋಟೊವನ್ನು ನೇರ ಮಾಡುವುದು, ಬೆಳಕು ತುಸು ಏರಿಸುವುದು, ಅಂಚು ಕತ್ತರಿಸುವುದು ತಪ್ಪಲ್ಲ. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಕೂಡ ಹೆಚ್ಚುಕಡಿಮೆ ಇದೇ ಗೆರೆ ಎಳೆದಿದೆ. ಅಲ್ಲಿ ಬ್ರೋಕರುಗಳು ಮಾರಾಟದ ಫೋಟೊದಲ್ಲಿ ಏನನ್ನಾದರೂ ಡಿಜಿಟಲ್ ಆಗಿ ಸೇರಿಸಿದ್ದರೆ, ಅಳಿಸಿದ್ದರೆ ಅದನ್ನು ಅಲ್ಲೇ ಹೇಳಬೇಕು, ಮೂಲ ಫೋಟೊ ನೋಡುವ ದಾರಿಯನ್ನೂ ಕೊಡಬೇಕು. ಬೆಳಕು ಬಣ್ಣ ತಿದ್ದುವುದಕ್ಕೆ, ಕತ್ತರಿಸುವುದಕ್ಕೆ ಈ ಷರತ್ತಿಲ್ಲ.

ನಮ್ಮಲ್ಲಿ ಫೋಟೊದ ಬಗ್ಗೆಯೇ ಅಂಥ ಕಾನೂನು ಇಲ್ಲದಿದ್ದರೂ ಮಾರುವವರ ಹೊಣೆ ಹೊಸದೇನಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಅವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಸಿಗದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. 1872ರ ಕರಾರು ಕಾಯ್ದೆಯ 17ನೇ ಕಲಮು, ಮೋಸ ಮಾಡುವ ಉದ್ದೇಶದಿಂದ ನಿಜಸಂಗತಿಯನ್ನು ಮರೆಮಾಚುವುದನ್ನು ವಂಚನೆಯ ಪಟ್ಟಿಯಲ್ಲಿ ಸೇರಿಸಿದೆ. ಟ್ರಾನ್ಸ್‌ಫಾರ್ಮರ್ ಯಾರಿಗಾದರೂ ಕಾಣುತ್ತದೆ, ಅದನ್ನು ಅಳಿಸಿದ್ದು ಬರೀ ನಗೆಪಾಟಲು. ಕಾನೂನಿನ ತೊಡಕು ಬರುವುದು ಬಣ್ಣದಡಿ ಮುಚ್ಚಿದ ತೇವದಂಥವುಗಳಿಂದ. ಗೋಡೆಯೊಳಗಿನ ನೀರು ಉಪ್ಪನ್ನು ಕರಗಿಸಿಕೊಂಡು ಹೊರಗೆ ಬಂದು ಆರಿದಾಗ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಸೋರುವ ಪೈಪನ್ನೋ ಟೆರೇಸನ್ನೋ ಸರಿಮಾಡದೆ, ಫೋಟೊಕ್ಕೆಂದು ಆ ಪುಡಿ ಕೆರೆದು ಬಣ್ಣ ಬಳಿದರೆ ಮುಂದಿನ ಮಳೆಗೆ ಬಣ್ಣ ಬೊಬ್ಬೆಯೆದ್ದು ಉದುರುತ್ತದೆ. ಅಷ್ಟರಲ್ಲಿ ಕ್ರಯಪತ್ರ ಆಗಿದ್ದರೆ ಕೊಂಡವರು ಸುಮ್ಮನೆ ಕೂರುತ್ತಾರೆಂದು ನಂಬಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟು ಅವರ ಫೋನಿನಲ್ಲೇ ಇರುತ್ತದೆ.

ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ–ಖಾತಾ ಬೇಕು, ಅದಕ್ಕೂ ಆಸ್ತಿಯ ಫೋಟೊ ಕೊಡಬೇಕು. ಹಾಗಾಗಿ ಕೊಳ್ಳುವವರ ಮುಂದೆ ಮನೆಯ ಎರಡು ಮುಖಗಳು ಬರುತ್ತವೆ, ಒಂದು ಜಾಹೀರಾತಿನದು, ಇನ್ನೊಂದು ದಾಖಲೆಯದು. ಎರಡೂ ಒಂದೇ ಮನೆಯೆಂದು ತೋರಬೇಕು.

ಕೊನೆಗೆ ಇದು ವ್ಯಾಪಾರದ ಮಾತು. ಫೋಟೊ ಮನೆಯನ್ನು ಮಾರುವುದಿಲ್ಲ. ಕೊಳ್ಳುವವರನ್ನು ಗೇಟಿನವರೆಗೆ ಕರೆತರುತ್ತದೆ, ಅಷ್ಟೆ. ಚೌಕಾಸಿ ಶುರುವಾಗುವುದು ಆಮೇಲೆ. ಫೋಟೊದಲ್ಲಿ ಇಲ್ಲದ ತಂತಿ ಗೇಟಿನಲ್ಲಿ ಕಂಡರೆ ಮೊದಲು ಮುಖ ಸಪ್ಪಗಾಗುತ್ತದೆ, ಆಮೇಲೆ ಒಳಗಿನ ಒಂದೊಂದು ಕೋಣೆಯನ್ನೂ ಅನುಮಾನದಿಂದ ನೋಡುತ್ತಾರೆ, ಕೊನೆಗೆ ಹೇಳಿದ ಬೆಲೆಯಲ್ಲಿ ಆ ಅನುಮಾನದ ಪಾಲು ಕಡಿತವಾಗುತ್ತದೆ. ತಂತಿ ಫೋಟೊದಲ್ಲೇ ಇದ್ದಿದ್ದರೆ ಬಂದವರು ಅದನ್ನು ಒಪ್ಪಿಕೊಂಡೇ ಬಂದಿರುತ್ತಿದ್ದರು, ಮಾತು ನೇರ ಬೆಲೆಗೆ ಹೋಗುತ್ತಿತ್ತು. ಹತ್ತು ಜನ ಬಂದು ಗೇಟಿನಿಂದಲೇ ತಿರುಗಿ ಹೋಗುವುದಕ್ಕಿಂತ ಮೂವರು ಬಂದು ಕೂತು ಮಾತಾಡುವುದು ಮಾರುವವರಿಗೆ ಲಾಭ.